ಹುಣಸೆಹಣ್ಣು ಮುಟ್ಟಿಸಬಾರದ ತಟ್ಟೆಗಳು

ಏಪ್ರಿಲ್ 2, 1999, ಶುಕ್ರವಾರ
ಚಳ್ಳಕೆರೆ

ಕಾಲು ಮುರಿದುಕೊಂಡವರು ಇವರು, ಮುಖ ಊದಿಸಿಕೊಂಡು ಕೂತವಳು ನಾನು. ಶಾಮಿಯಾನದ ಕಂಬ ಇಳಿಸುವಾಗ ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದರಂತೆ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಎರಡು ತಿಂಗಳು ಹಾಸಿಗೆ ಬಿಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಮದುವೆ ಸೀಸನ್ನು ಎದುರಿಗಿದೆ, ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಗೆ ಬೀಗ ಬಿದ್ದಿದೆ.

ಯಾರ ಮುಂದೆ ಬೈದುಕೊಳ್ಳಲಿ? ಅದಕ್ಕೇ ಬರೆಯುತ್ತಿದ್ದೇನೆ. ಮನೆಯ ಮಾತು ಉರ್ದು, ನಾನು ಓದಿದ್ದು ಪರಶುರಾಂಪುರದ ಕನ್ನಡ ಶಾಲೆಯಲ್ಲಿ. ಅತ್ತೆ ಹಜರಾ ಬೀಗೆ ಯಾವ ಓದೂ ಬರುವುದಿಲ್ಲ. ಇವರಿಗೆ (ಅಫ್ಸರ್ ಎಂದು ಗಂಡನ ಹೆಸರು ಬರೆದರೆ ಯಾರು ಏನು ಮಾಡುತ್ತಾರೆ, ಬರೆದೇಬಿಟ್ಟೆ) ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಬರುತ್ತದೆ, ನನ್ನ ಕೈಬರಹ ಓದುವಷ್ಟಲ್ಲ.

ಸಂಜೆ ಮೈದುನ ಅಕ್ರಮ್ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದಾನೆ. ಅಣ್ಣನ ಕಾಲು ನೋಡಿದ್ದು ಒಂದು ಗಳಿಗೆ, ಆಮೇಲೆ ಮಾತೆಲ್ಲ ಅಂಗಡಿಯದೇ.

"ಅಮ್ಮಿ, ಸುಮ್ನೆ ಬೀಗ ಹಾಕಿಡೋದ್ಕಿಂತ ನಂಗೆ ಕೊಡ್ರಿ. ಆ ಹಂಡೆ, ಕೊಳಗ ಎಲ್ಲ ಮಾರಿ ಸ್ಪೇರ್ ಪಾರ್ಟ್ಸ್ ಇಡ್ತೀನಿ. ಭಾಭಿ ಏನು ಕಂಬ ಹೊರ್ತಾರಾ?"

ಅತ್ತೆ ಯೋಚಿಸಿ ಹೇಳಿದರು: "ಮೇ ತಿಂಗಳ ಮದುವೆಗಳು ಮುಗೀಲಿ. ಅಷ್ಟ್ರಲ್ಲಿ ಅಂಗಡಿ ನಡೆದ್ರೆ ನಡೀತು. ಇಲ್ಲ ಅಂದ್ರೆ ಬೀಗದ ಕೈ ನಿಂದೇ."

ನನಗೆ ಆ ಅಂಗಡಿಯ ಮೇಲೆ ಪ್ರೀತಿಯೇನೂ ಇಲ್ಲ. ಅದು ಇವರ ಅಂಗಡಿ. ಆದರೆ ಅದು ಹೋದರೆ ಇವರು ತಮ್ಮನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡಬೇಕು, ನಾನು ಅವನ ಹೆಂಡತಿಯ ಎದುರು ತಲೆ ತಗ್ಗಿಸಬೇಕು. ಅದು ನನ್ನಿಂದ ಆಗದ ಮಾತು.

ಏಪ್ರಿಲ್ 5, ಸೋಮವಾರ

ಅತ್ತೆಯಿಂದ ಬೀಗದ ಕೈ ಕೇಳಿ ಪಡೆದು ಅಂಗಡಿ ತೆಗೆದೆ. ಜಮಖಾನಗಳ ಹಿಂದೆ, ಒಂದು ಮರದ ಪೆಟ್ಟಿಗೆಯಲ್ಲಿ ಇವರ ಹುಚ್ಚು ಕೂತಿತ್ತು. ಹೋದ ವರ್ಷ ಕುರ್ಚಿ ತರುತ್ತೇನೆಂದು ಬೊಂಬಾಯಿಗೆ ಹೋದವರು ಕುರ್ಚಿ ಬಿಟ್ಟು ಚಿನ್ನದ ನೀರು ಹಾಕಿದ ಊಟದ ಸೆಟ್ಟು ತಂದಿದ್ದರು. ಹನ್ನೆರಡು ತಟ್ಟೆ, ಹನ್ನೆರಡು ಬಟ್ಟಲು, ಹನ್ನೆರಡು ಲೋಟ. ಬೀಗರ ಪಂಕ್ತಿಗೆ ಇಟ್ಟರೆ ಇಡೀ ಜಿಲ್ಲೆಯೇ ಹುಡುಕಿಕೊಂಡು ಬರುತ್ತದೆ ಎಂದು ಅವರ ಲೆಕ್ಕ. ಬಂದದ್ದು ನಗುವವರು ಮಾತ್ರ.

ಪೆಟ್ಟಿಗೆ ತೆಗೆದು ಒಂದೊಂದರ ಕಟ್ಟೂ ಬಿಚ್ಚಿದೆ. ತಟ್ಟೆಗಳ ಅಂಚಿನಲ್ಲಿ, ಬಟ್ಟಲುಗಳ ಹೊಟ್ಟೆಯ ಸುತ್ತ ಕಪ್ಪು ಪಟ್ಟೆ. ಯಾರೋ ಕಾಡಿಗೆಯಲ್ಲಿ ಗೆರೆ ಎಳೆದಂತೆ ನೆಟ್ಟಗೆ. ಎಲ್ಲವನ್ನೂ ಮನೆಗೆ ಹೊತ್ತು ತಂದು ಹಿತ್ತಲಲ್ಲಿಟ್ಟು, ಇವರಿಗೆ ಗಂಜಿ ಕೊಡಲು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿ ಕೂತಿದ್ದರು. ಪಕ್ಕದಲ್ಲಿ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಆಗಲೇ ಮೂರು ಬಟ್ಟಲು ತಿಕ್ಕಿ ಸಾಲಾಗಿ ಬೋರಲು ಹಾಕಿದ್ದರು. ಕಪ್ಪು ಪಟ್ಟೆ ಹೋಗಿತ್ತು. ಅದರ ಜೊತೆ ಚಿನ್ನವೂ ಹೋಗಿ ಒಳಗಿನ ಬೆಳ್ಳನೆಯ ಲೋಹ ಹಲ್ಲು ಕಿರಿಯುತ್ತಿತ್ತು.

"ಅಮ್ಮಿ! ಬಿಡ್ರಿ, ಬಿಡ್ರಿ! ಏನ್ ಮಾಡಿದ್ರಿ?"

"ಕಿರುಚಬ್ಯಾಡ. ಹುಣಸೆಹಣ್ಣು ಹಾಕದೆ ತಿಕ್ಕಿದ್ರೆ ಪಾತ್ರೆ ತೊಳೆದಂಗಾ? ನೋಡು, ಬಣ್ಣ ಬಿಡ್ತು. ಬೆಳ್ಳಗಿರೋದೆಲ್ಲ ಹಾಲಲ್ಲ. ನಿನ್ನ ಗಂಡನ್ನ ಬೊಂಬಾಯಿಯವರು ಟೋಪಿ ಹಾಕಿ ಕಳಿಸವ್ರೆ."

ನಾನು ಬಾಯಿಗೆ ಬಂದದ್ದು ಅಂದೆ. ಅವರೂ ಬಿಡಲಿಲ್ಲ. ಒಳಗಿನಿಂದ ಇವರು "ಏನಾಯ್ತು, ಏನಾಯ್ತು" ಎಂದು ಕೂಗುತ್ತಲೇ ಇದ್ದರು. ಹೇಳುವವರು ಯಾರು?

ಏಪ್ರಿಲ್ 6

ಅತ್ತೆಗೂ ನನಗೂ ಮಾತಿಲ್ಲ.

ಏಪ್ರಿಲ್ 7

ಇವತ್ತೂ ಇಲ್ಲ. ರೊಟ್ಟಿ ಬಡಿಯುವ ಸದ್ದಿನಲ್ಲೇ ಬೈದುಕೊಳ್ಳುತ್ತಿದ್ದೇವೆ.

ಏಪ್ರಿಲ್ 11, ಭಾನುವಾರ

ಮೊಳಕಾಲ್ಮೂರಿನಿಂದ ವೆಂಕಟಪ್ಪ ಎಂಬ ಹಿರಿಯರು ಬಂದರು. ರೇಷ್ಮೆ ಸೀರೆ ನೇಯುವ ಮನೆ. ಮೇ ಆರಕ್ಕೆ ಮಗಳ ಮದುವೆ. ಇನ್ನು ತಡ ಮಾಡಿದರೆ ಅಧಿಕ ಮಾಸ ಬರುತ್ತದೆ ಎಂದು ಅವಸರ. ನಮಗೂ ಮೊಹರಂ ಹತ್ತಿರ ಬಂತು, ನಮ್ಮವರ ಮದುವೆ ಒಂದೂ ಇರುವುದಿಲ್ಲ. ಶಾಮಿಯಾನ, ಅಡುಗೆ ಪಾತ್ರೆ, ಕುರ್ಚಿ ಎಲ್ಲ ನಮ್ಮಿಂದಲೇ ಎಂದು ಇವರ ಹತ್ತಿರ ಮೊದಲೇ ಮಾತಾಡಿದ್ದರಂತೆ. ಆದರೆ ಒಂದು ಮಾತಿನ ಮೇಲೆ.

"ಬಂಗಾರದ ತಟ್ಟೆ ಇದ್ರೇ ಉಳಿದದ್ದು ನೋಡಮ್ಮಾ. ಗಂಡಿನ ಕಡೆ ಹಿರೀಕರನ್ನ ಅದ್ರಲ್ಲಿ ಉಣ್ಣಿಸ್ತೀನಿ ಅಂತ ರಾಯದುರ್ಗದಾಗೆ ಹೇಳಿಬಂದೀನಿ. ಅದಿಲ್ಲ ಅಂದ್ರೆ ಹೇಳಿಬಿಡು, ಬೇರೆ ಅಂಗಡಿಗೆ ಹೋಗ್ತೀನಿ. ಮೊದ್ಲು ನಮ್ಮ ಮನೆಯಾಕಿ ಒಂದ್ಸಲ ನೋಡ್ಬೇಕು ಅಂತಾಳೆ."

ಸೀಸನ್ನಿನಲ್ಲಿ ಉಳಿದಿರುವ ದೊಡ್ಡ ಮದುವೆ ಇದೊಂದೇ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎಂದು ಒಳಗೆ ಗೊತ್ತಿದ್ದೂ, "ನಾನೇ ತಂದು ತೋರಿಸ್ತೀನಿ" ಎಂದುಬಿಟ್ಟೆ. ಬಾಗಿಲ ಸಂದಿಯಲ್ಲಿ ಅತ್ತೆ ನಿಂತಿದ್ದರು.

ಏಪ್ರಿಲ್ 14, ಬುಧವಾರ

ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ. ಚೀಲದಲ್ಲಿ ಕಪ್ಪು ಪಟ್ಟೆಯ ಒಂದು ತಟ್ಟೆ, ಒಂದು ಬಟ್ಟಲು, ಅತ್ತೆಯ ಕೈಯಲ್ಲಿ ಸತ್ತ ಇನ್ನೊಂದು ಬಟ್ಟಲು. ಸುಳ್ಳು ಹೇಳುವ ಧೈರ್ಯ ನನಗಿಲ್ಲ ಅಂತಲ್ಲ, ಬಂಗಾರದ ವಿಷಯದಲ್ಲಿ ಸುಳ್ಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ವೆಂಕಟಪ್ಪನವರ ಹೆಂಡತಿ ದ್ಯಾಮಮ್ಮ ಮಗ್ಗದ ಪಕ್ಕದಲ್ಲಿ ಜರಿ ಸುತ್ತುತ್ತ ಕೂತಿದ್ದರು. ಬಿಸಿ ನೀರು, ಬೆಲ್ಲ ಕೊಟ್ಟರು. ಎಲ್ಲವನ್ನೂ ಹೇಳಿಕೊಂಡೆ. ಬೈಯಲಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

ಮಾತಿನ ನಡುವೆ ಒಂದು ಜರಿ ಉಂಡೆ ಉರುಳಿತು. ಎತ್ತಿಕೊಂಡು, ಬಿಚ್ಚಿಹೋಗದಿರಲಿ ಎಂದು ನನ್ನ ಜಡೆಯ ರಬ್ಬರ್ ಬ್ಯಾಂಡ್ ತೆಗೆದು ಅದಕ್ಕೆ ಹಾಕಹೋದೆ. ದ್ಯಾಮಮ್ಮ ಹಾವು ಕಂಡವರಂತೆ ನನ್ನ ಕೈ ಹಿಡಿದರು.

"ಅಯ್ಯೋ ತಾಯಿ, ಜರಿಗೆ ರಬ್ಬರ್ ಹಾಕ್ತಾರಾ? ಎಲ್ಡು ತಿಂಗಳು ಬಿಡು, ಹಾಕಿದ ಜಾಗದಾಗೆ ಕರ್ರಗೆ ಗೆರೆ ಬೀಳ್ತೈತೆ. ನಾವು ನೂಲಲ್ಲೇ ಕಟ್ಟೋದು."

ಕರ್ರಗೆ ಗೆರೆ! ನಾನು ತಟ್ಟೆ ನೋಡಿದೆ, ಅವರನ್ನು ನೋಡಿದೆ, ಜೋರಾಗಿ ನಕ್ಕುಬಿಟ್ಟೆ. ಸಾಗಿಸುವಾಗ ಒಂದಕ್ಕೊಂದು ಬಡಿಯದಿರಲಿ ಎಂದು ಇವರು ತಟ್ಟೆ, ಬಟ್ಟಲುಗಳನ್ನೆಲ್ಲ ಸೈಕಲ್ ಟ್ಯೂಬು ಕತ್ತರಿಸಿದ ಪಟ್ಟಿಗಳಲ್ಲಿ ಬಿಗಿದಿಟ್ಟಿದ್ದರು. ಮೆಕ್ಯಾನಿಕ್‌ಗಳ ಮನೆಯಲ್ಲಿ ಒಡೆದ ಬಕೀಟಿನಿಂದ ಮುರಿದ ಮಂಚದವರೆಗೆ ಎಲ್ಲಕ್ಕೂ ಟ್ಯೂಬಿನ ಪಟ್ಟಿಯೇ ಮದ್ದು. ಕೊಟ್ಟವನು ಅಕ್ರಮ್.

ದ್ಯಾಮಮ್ಮ ಹೇಳಿದ್ದು: ಜರಿಯೂ ಇದೂ ಒಂದೇ ಜಾತಿ. ಮೇಲೆ ಬಂಗಾರ ಇರುವುದು ಉಸಿರಿನಷ್ಟು. ಹುಳಿ ಆಗದು, ಬೂದಿ ಆಗದು, ನಾರು ಆಗದು. ಅಕ್ಕಸಾಲಿಗರು ಒಡವೆ ತೊಳೆಯುವಂತೆ ಅಂಟುವಾಳದ ಕಾಯಿ ನೆನೆಸಿ, ನೊರೆ ಸೋಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಬೆರೆಸಿ ಮೆತ್ತನೆಯ ಬಟ್ಟೆಯಲ್ಲಿ ಸವರಬೇಕು. ನೆನೆಯಲು ಬಿಡಬಾರದು, ಕೂಡಲೇ ತೊಳೆದು ಒರೆಸಬೇಕು.

"ಒಂದೇ ಸಲಕ್ಕೆ ಹೋಗಲ್ಲ. ಹೋಗಲಿಲ್ಲ ಅಂತ ಜೋರು ಮಾಡಬ್ಯಾಡ. ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಯಾಕೆ?"

"ಈ ಬೆಳ್ಳಗಾಗಿರೋದು?"

"ಅದು ಹೋಯ್ತು. ಹೋದ ಬಂಗಾರ ಉಜ್ಜಿದ್ರೆ ಬರಲ್ಲ." ಕಣ್ಣು ಕಿರಿದು ಮಾಡಿ ನಕ್ಕರು. "ಮೂರು ಬಟ್ಲು ತಾನೇ? ಮದುಮಗ, ಮದುಮಗಳು, ಗಂಡಿನ ತಾತ, ಈ ಮೂವರಿಗೆ ನಮ್ಮನೆ ಬೆಳ್ಳಿ ಬಟ್ಲು ಇಡಾಣ. ಹೆಚ್ಚಿನ ಮರ್ಯಾದೆ ಅಂದ್ಕೊಂತಾರೆ."

ಆದರೆ ತಟ್ಟೆಗಳ ಮೇಲೆ ಒಂದು ಗೆರೆ ಉಳಿದರೂ ಬೇಡ ಎಂದು ಖಂಡಿತವಾಗಿ ಹೇಳಿದರು. ಬರುವಾಗ ಸೆರಗಿಗೆ ಅಂಟುವಾಳ ಕಟ್ಟಿ ಕಳಿಸಿದರು.

ಏಪ್ರಿಲ್ 15

ತಟ್ಟೆ ತೊಳೆದೆ. ಗೆರೆ ಹಾಗೇ ಇದೆ.

ಏಪ್ರಿಲ್ 16

ಹಾಗೇ ಇದೆ. ಅಳು ಬಂತು. ಇವರು ಮಂಚದಿಂದ, "ಸ್ವಲ್ಪ ಪೇಸ್ಟ್ ಹಚ್ಚಿ ಬ್ರಷ್‌ನಲ್ಲಿ ತಿಕ್ಕು" ಎಂದರು. ನಿಮ್ಮ ಹಲ್ಲು ತಿಕ್ಕಿಕೊಳ್ಳಿ ಎಂದೆ.

ಏಪ್ರಿಲ್ 18, ಭಾನುವಾರ

ಗೆರೆ ಕಂದಾಯಿತು! ಕಪ್ಪು ಹೋಗಿ ಕಂದು, ಸಂಜೆಯ ಹೊತ್ತಿಗೆ ಒಣ ಚಹಾದ ಕಲೆಯಷ್ಟು. ಹಿತ್ತಲಿನಲ್ಲಿ ಒಬ್ಬಳೇ ಕುಣಿದೆ. ಇವರಿಗೆ ಚಹಾ ಕೊಡುವುದು ಮರೆತೇಹೋಯಿತು.

ಆದರೆ ಹೊಸದೊಂದು ಕಾಟ. ತೊಳೆದು ಬಿಸಿಲಿಗೆ ಬೋರಲು ಹಾಕಿದ ತಟ್ಟೆಗಳ ತುಂಬ ಬಿಳಿ ಚುಕ್ಕೆ. ನಮ್ಮ ಬೋರ್‌ವೆಲ್ಲಿನ ನೀರು ಸೌಳು, ಕುಡಿದರೆ ನಾಲಗೆಯ ಮೇಲೆ ಉಪ್ಪು ಉಳಿಯುತ್ತದೆ. ತಟ್ಟೆಯ ಮೇಲೂ ಉಳಿದಿದೆ. ಕುಡಿಯಲು ತಂದಿಟ್ಟ ಸಿಹಿ ನೀರು ತೆಗೆದುಕೊಂಡು ಮತ್ತೆ ತೊಳೆಯುತ್ತ ಕೂತೆ. ಒರೆಸಲು ನನ್ನ ಹಳೇ ಸೀರೆ ಒರಟು ಅನಿಸಿತು.

ಹಿಂದಿನಿಂದ ಏನೋ ಮಡಿಲಿಗೆ ಬಿತ್ತು. ಮಾವನವರ ಮಲ್ ಬಟ್ಟೆಯ ಜುಬ್ಬಾ. ಅವರು ತೀರಿಕೊಂಡ ಮೇಲೆ ಅತ್ತೆ ಯಾರಿಗೂ ಮುಟ್ಟಗೊಡದೆ ಇಟ್ಟಿದ್ದದ್ದು. ಎರಡಾಗಿ ಹರಿದಿದ್ದರು.

"ಇದು ಮೆತ್ತಗೈತೆ," ಎಂದರು. ಹನ್ನೆರಡು ದಿನದ ಮೇಲೆ ಮೊದಲ ಮಾತು. ಇನ್ನೊಂದು ತುಂಡು ಹಿಡಿದುಕೊಂಡು ನನ್ನ ಎದುರಿಗೇ ಕೂತರು. ನಾನು ತೊಳೆದು ಕೊಟ್ಟದ್ದನ್ನು ಅವರು ಒರೆಸಿದರು.

ಏಪ್ರಿಲ್ 24, ಶನಿವಾರ

ತಟ್ಟೆಗಳು ಹನ್ನೆರಡೂ ಆದವು. ಲೋಟಗಳೂ ಆದವು. ಬಟ್ಟಲು ಒಂಬತ್ತು. ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ನೂಲಿನಲ್ಲಿ ಕಟ್ಟಿ ಇಟ್ಟಿದ್ದೇವೆ. ಇವರು ಹಳೇ ಪೇಪರಿನಲ್ಲಿ ಸುತ್ತೋಣ ಎಂದರು. ಪೇಪರಿನ ಮಸಿ ಹತ್ತಿದರೆ ನೀನು ಬಂದು ತೊಳೆಯುತ್ತೀಯಾ ಎಂದು ಅತ್ತೆಯೇ ಗದರಿದರು.

ನಮ್ಮ ಅಂಗಡಿಯ ಶಾಮಿಯಾನವನ್ನು ಬಿಸಿಲಿಗೆ ಹಾಕಿಸಿದೆ. ಇಲಿ ಕಡಿದ ಜಾಗಕ್ಕೆ ತೇಪೆ ಹಾಕಿಸಬೇಕು.

ಏಪ್ರಿಲ್ 29

ಅಕ್ರಮ್ ಅಂಗಡಿಗೆ ಟೇಪು ಹಿಡಿದು ಬಂದ, ಗೋಡೆ ಅಳೆಯಲು. "ರ‍್ಯಾಕು ಎಷ್ಟುದ್ದ ಬೇಕು ನೋಡ್ತಿದೀನಿ ಭಾಭಿ, ಬೇಜಾರಾಗ್ಬ್ಯಾಡ್ರಿ."

"ಬೇಜಾರೇನಿಲ್ಲಪ್ಪ. ಬಂದಿದೀಯಲ್ಲ, ಆ ಕೊಪ್ಪರಿಗೆಯ ಆ ಕಡೆ ಕಿವಿ ಹಿಡಿ, ಹೊರಗಿಡಬೇಕು." ಹಿಡಿದ. ಮಧ್ಯಾಹ್ನದವರೆಗೂ ಅವನಿಂದ ಸಾಮಾನು ಎತ್ತಿಸಿದೆ. ಟೇಪು ಇಲ್ಲೇ ಬಿಟ್ಟು ಹೋಗಿದ್ದಾನೆ.

ಮೇ 5, ಬುಧವಾರ

ನಾಳೆ ಮದುವೆ. ಲಾರಿ ಆಗಲೇ ಮೊಳಕಾಲ್ಮೂರಿಗೆ ಹೋಯಿತು. ಪೆಟ್ಟಿಗೆಯನ್ನು ಲಾರಿಗೆ ಹಾಕಲಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ಅತ್ತೆಯೂ ಬರುತ್ತಾರಂತೆ. "ನಿಂಗೆ ಒರೆಸೋಕೆ ಬರಲ್ಲ," ಎಂದರು. ಇವರ ಊಟಕ್ಕೆ ಅಕ್ರಮನ ಮನೆಗೆ ಹೇಳಿದ್ದಾಯಿತು.

ನಾಳೆ ಏನಾದರೂ ಎಡವಟ್ಟಾದರೆ ಎಲ್ಲ ಮುಗಿಯಿತು.

ಮೇ 7, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಎಲ್ಲ ಬರೆಯಬೇಕು, ಒಂದೂ ಬಿಡಬಾರದು.

ತಾಳಿ ಕಟ್ಟಿದ್ದಾಯಿತು. ಬೀಗರ ಪಂಕ್ತಿಗೆ ಬಿಳಿ ಬಟ್ಟೆ ಹಾಸಿ ಹನ್ನೆರಡು ತಟ್ಟೆ ಜೋಡಿಸಿದೆವು. ಚಪ್ಪರದ ಸಂದಿಯಿಂದ ಬಿಸಿಲು ಬಿದ್ದು ಅವು ಹೊಳೆದ ಹೊಳಪಿಗೆ ಮದುಮಗಳನ್ನು ನೋಡುತ್ತಿದ್ದವರೂ ಇತ್ತ ತಿರುಗಿದರು. ನನಗೆ ಮಾತ್ರ ಅದನ್ನು ನೋಡುವ ಪುರುಸೊತ್ತಿರಲಿಲ್ಲ. ಯಾಕೆಂದರೆ ಆಗ ತಾನೇ ಬಡಿಸುವವರು ಉಪ್ಪು, ಉಪ್ಪಿನಕಾಯಿ ಹಿಡಿದು ನಿಂತಿದ್ದರು. ಈ ಮನೆಯವರಲ್ಲಿ ಮೊದಲು ಬಡಿಸುವುದೇ ಉಪ್ಪು, ಆಮೇಲೆ ನಿಂಬೆ ಉಪ್ಪಿನಕಾಯಿ. ಬೀಗರೋ ಫೋಟೋ ತೆಗೆಸಿಕೊಳ್ಳುತ್ತ ಬರುವುದು ತಡ. ಅಷ್ಟು ಹೊತ್ತು ಉಪ್ಪು, ಹುಳಿ ಚಿನ್ನದ ಮೇಲೆ ಕೂತರೆ ಏನಾಗುತ್ತದೆ? ಇಷ್ಟು ದಿನ ತೊಳೆಯುವುದನ್ನು ಯೋಚಿಸಿದೆ, ಉಣ್ಣುವುದನ್ನು ಯೋಚಿಸಿರಲಿಲ್ಲ! ತಡೆಯಿರಿ ಎಂದು ಬಡಿಸುವವರನ್ನು ನಿಲ್ಲಿಸಿದೆ. ಮುಂದೇನು ಎಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಗಂಡಿನ ತಾತ ಯರ್ರಪ್ಪ ಬಂದರು. ರಾಯದುರ್ಗದವರು, ಕೆಂಪು ಪೇಟ, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ತಟ್ಟೆ ನೋಡಿದವರು ಕೂರಲೇ ಇಲ್ಲ.

"ಏಮಿಟಿದಿ, ಏನಿದು ವೆಂಕಟಪ್ಪ? ಬಾಡಿಗೆ ತಟ್ಟೆ ಅಲ್ವಾ? ಬಂಗಾರದ್ದಾದ್ರೂ ಎಂಜಲು ಎಂಜಲೇ. ಯಾರ‍್ಯಾರೋ ಉಂಡಿದ್ರಾಗೆ ನಾನು ಹುಟ್ಟಿದಾಗ್ಲಿಂದ ಉಂಡಿಲ್ಲ. ನನಗೆ ಬಾಳೆಎಲೆ ಸಾಕು."

ತಾತ ನಿಂತ ಮೇಲೆ ಉಳಿದ ಹಿರಿಯರು ಕೂರುತ್ತಾರೆಯೇ? ಎಲ್ಲರೂ ನಿಂತರು. ವೆಂಕಟಪ್ಪನವರ ಮುಖ ಬಿಳಿಚಿಹೋಯಿತು. ಊರೆಲ್ಲ ಹೇಳಿಕೊಂಡು ಬಂದ ತಟ್ಟೆ ಎತ್ತಿದರೆ ಅವರ ಮಾತು ಬಿತ್ತು, ಎತ್ತದಿದ್ದರೆ ಬೀಗರು ಉಪವಾಸ ಎದ್ದರು. ನನ್ನ ಅಂಗಡಿಯ ಕಥೆಯೂ ಅಲ್ಲಿಗೆ ಮುಗಿಯಿತು. ದ್ಯಾಮಮ್ಮ ನನ್ನನ್ನೇ ನೋಡುತ್ತಿದ್ದರು.

ಎಲ್ಲಿಂದ ಬಂತೋ ಧೈರ್ಯ, ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಹೋದೆ.

"ತಾತಾ, ನೀವು ಎಲೆ ಮೇಲೇ ಉಣ್ರಿ. ಎಲೆ ಎಲ್ಲಿ ಇಡ್ಬೇಕು ಅನ್ನೋದು ಮಾತ್ರ ನಂಗೆ ಬಿಡ್ರಿ."

ಯರ್ರಪ್ಪ ಕೋಲು ಊರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ನಿಲ್ಲಲಿಲ್ಲ, ಅಡುಗೆ ಚಪ್ಪರಕ್ಕೆ ಓಡಿದೆ. ಅಗಲವಾದ ಬಾಳೆಎಲೆ ಆರಿಸಿ, ಅದರ ಮೇಲೆ ಚಿನ್ನದ್ದಕ್ಕಿಂತ ಸ್ವಲ್ಪ ಚಿಕ್ಕ ಸ್ಟೀಲ್ ತಟ್ಟೆ ಬೋರಲು ಹಾಕಿದೆ. ಚಿನ್ನದ ತಟ್ಟೆಯ ಹತ್ತಿರ ಚಾಕು ಸುಳಿಯಕೂಡದು. ಅವಸರದಲ್ಲಿ ಸುತ್ತ ಚಾಕು ಎಳೆಯುವಾಗ ಮೊದಲ ಎಲೆ ಸೀಳಿತು. "ತಗಿ ಇಲ್ಲಿ," ಎಂದು ಅತ್ತೆ ಚಾಕು ಕಸಿದುಕೊಂಡರು. ಬಕ್ರೀದಿಗೆ ನಮ್ಮ ಓಣಿಗೆಲ್ಲ ಪಾಲು ಕತ್ತರಿಸುವ ಕೈ ಅದು. ಸರ ಸರ ಸುತ್ತು ಹಾಕಿ ಕೊಟ್ಟರು. ಒಂದೊಂದು ತಟ್ಟೆಗೆ ಒಂದೊಂದು ಎಲೆ ಹಾಸಿದೆ. ಹಸಿರಿನ ಸುತ್ತ ಬೆರಳಗಲ ಬಂಗಾರದ ಅಂಚು ಉಳಿಯಿತು. ದ್ಯಾಮಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, "ನಮ್ಮ ಸೀರೆ ಇದ್ದಂಗೈತಲ್ಲೇ!" ಎಂದರು. ಹೌದಲ್ಲ, ಹಸಿರು ರೇಷ್ಮೆಗೆ ಜರಿ ಅಂಚು.

ಯರ್ರಪ್ಪ ಬಗ್ಗಿ ಎಲೆಯ ಅಂಚು ಎತ್ತಿ ನೋಡಿದರು. ನೀರು ಚಿಮುಕಿಸಿ ಅಂಗೈಯಿಂದ ಸವರಿದರು. ಆಮೇಲೆ ಪೇಟ ಸರಿ ಮಾಡಿಕೊಂಡು ಕೂತರು.

"ಉಪ್ಪು ಬಡಿಸ್ರಲೇ, ನಿಂತ್ಕೊಂಡು ಏನ್ ನೋಡ್ತೀರಿ? ಬಾಗುಂದಮ್ಮಾ, ಚೆನ್ನಾಗೈತೆ."

ನನ್ನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೇ ಬಂತು. ಉಪ್ಪಿನಕಾಯಿ ಬಂತು, ಸಾರು ಬಂತು, ಎಲ್ಲ ಎಲೆಯ ಮೇಲೆ. ಬಟ್ಟಲಿಗೆ ಪಾಯಸ ಬಿಟ್ಟು ಬೇರೇನೂ ಹಾಕಬಾರದು ಎಂದು ಬಡಿಸುವವರ ಹಿಂದೆಯೇ ಸುತ್ತಿದೆ. ಬೆಳ್ಳಿ ಬಟ್ಟಲು ಕಂಡ ತಾತ ಪಕ್ಕದವರ ಬಟ್ಟಲನ್ನೊಮ್ಮೆ ನೋಡಿ, ತಮ್ಮದನ್ನೊಮ್ಮೆ ನೋಡಿ, ಮೀಸೆಯಲ್ಲೇ ನಕ್ಕರು. ಫೋಟೋದವನು ಮದುಮಕ್ಕಳನ್ನು ಬಿಟ್ಟು ತಟ್ಟೆಗಳ ಫೋಟೋ ತೆಗೆದ. ಉಳಿದ ಪಂಕ್ತಿಯವರು ಕತ್ತು ಉದ್ದ ಮಾಡಿ ನೋಡಿದರು.

ಊಟ ಮುಗಿದದ್ದೇ ತಡ, ಪಾತ್ರೆ ತೊಳೆಯುವ ಹೆಂಗಸರು ಬುಟ್ಟಿ ತುಂಬ ನಾರು, ಹುಣಸೆಹಣ್ಣು ತಂದರು. ನಾನು ನಲ್ಲಿಗೆ ಅಡ್ಡ ಕೂತೆ. "ಮುಟ್ಟಿದ್ರೆ ನೋಡ್ರಿ! ಹಂಡೆ ನಿಮ್ದು, ಇವು ನನ್ವು." ಅವರು ಬಿದ್ದು ಬಿದ್ದು ನಕ್ಕರು. ನಾನು ಅಂಟುವಾಳದ ನೀರಿನಲ್ಲಿ ಸವರಿ, ಸಿಹಿ ನೀರಿನಲ್ಲಿ ತೊಳೆದು ಕೊಟ್ಟೆ. ಅತ್ತೆ ಮಾವನ ಜುಬ್ಬಾದಲ್ಲಿ ಒರೆಸಿದರು. ಒಬ್ಬ ಹೆಂಗಸು ತಾನೂ ಒರೆಸುತ್ತೇನೆಂದು ಬಂದಾಗ, "ಮೆತ್ತಗೆ ಒರೆಸೇ, ಹೊಸ ಅಳಿಯನ ಮುಖ ಅಂದ್ಕೋ," ಎಂದು ಹೇಳಿಕೊಟ್ಟರು.

ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಬಸ್ಸಿನಲ್ಲಿ ಅತ್ತೆ ಪೆಟ್ಟಿಗೆಯ ಮೇಲೆ ತಲೆಯಿಟ್ಟು ನಿದ್ದೆ ಹೋದರು.

ಮೇ 10, ಸೋಮವಾರ

ಬೆಳಿಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಧಿಕ ಮಾಸ ಕಳೆದ ಮೇಲಿನ ಮದುವೆಗಳಿಗೆ ಈಗಲೇ ಹೇಳಿಹೋಗುತ್ತಿದ್ದಾರೆ. ಒಬ್ಬರಿಗೂ ಸೆಟ್ಟಿನ ಹೆಸರು ಗೊತ್ತಿಲ್ಲ. "ಎಲೆ ಹಾಕಿದ ಬಂಗಾರದ ತಟ್ಟೆ" ಅಂತ ಕೇಳುತ್ತಾರೆ. ಪರಶುರಾಂಪುರದವರು ಒಬ್ಬರು ರಾತ್ರಿ ತಾವೇ ತೊಳೆದು ತಂದುಕೊಡುತ್ತೇವೆ ಎಂದರು. ಆಗುವುದಿಲ್ಲ, ತಟ್ಟೆಯ ಜೊತೆ ನಾವಿಬ್ಬರೂ ಬರುತ್ತೇವೆ, ನಮಗೂ ಊಟ ಹಾಕಬೇಕು ಎಂದೆ. ಒಪ್ಪಿದರು. ಮಂಚದಿಂದ ಇವರು, "ನನ್ನ ಕಾಲು ಸರಿಯಾದ್ಮೇಲೆ ನಂಗೇನು ಕೆಲ್ಸ?" ಎಂದು ಓಣಿಯ ಹುಡುಗನ ಕೈಲಿ ಅಂಗಡಿಗೆ ಕೇಳಿ ಕಳಿಸಿದರು. ಕಂಬ ಹೊರಲು ಜನ ಬೇಕೇ ಬೇಕು ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಕ್ರಮ್ ಅತ್ತೆಯ ಮುಂದೆ ಕೂತಿದ್ದ. ಹೊರಗೆ ಟೆಂಪೋದಲ್ಲಿ ಕಬ್ಬಿಣದ ರ‍್ಯಾಕು.

"ಅಮ್ಮಿ, ಅಧಿಕ ಮಾಸ ಬಂದೇಬಿಡ್ತು, ಮದುವೆಗಳು ಮುಗಿದ್ವಲ್ಲ. ಮಾತು ಮಾತೇ. ಬೀಗದ ಕೈ ಕೊಡ್ರಿ."

ಅತ್ತೆ ಎಲೆಅಡಿಕೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಗೋಡೆಯ ಕಡೆ ತಿರುಗಿ ಕೂತರು.

"ನನ್ನನ್ನೇನು ಕೇಳ್ತೀಯ? ಅಂಗಡಿಯವಳನ್ನ ಕೇಳು."

ಯಾವ ಅಂಗಡಿಯವಳು ಎಂದು ನಾನೂ ಒಂದು ಗಳಿಗೆ ಬಾಗಿಲ ಕಡೆ ನೋಡಿದೆ. ಅಕ್ರಮ್ ಮಾತ್ರ ಎದ್ದು ನಿಂತು, ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದ.